ದೊಡ್ಡಮ್ಮ ಬರೆಸಿದ ‘ಸಾಕು’

ನನ್ನ ಎಡಗೈಯ ಹಿಂಬದಿಯಲ್ಲಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಅವರೆಕಾಳಿನಷ್ಟು ಅಗಲದ ಒಂದು ಸುಟ್ಟ ಕಲೆಯಿದೆ. ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವಾಗ ನಮ್ಮ ಮೇಷ್ಟ್ರು ‘ಗುರುತಿನ ಚಿಹ್ನೆ’ ಎಂಬ ಜಾಗಕ್ಕೆ ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, ನೆನಪಿಟ್ಟುಕೊಳ್ಳುವಂಥದ್ದು ಏನೂ ಕಾಣದೆ ಪೆನ್ನು ಕಚ್ಚುತ್ತಾ ಕೂತಿದ್ದರು. ಆಗ ನಾನೇ ಕೈ ಮುಂದೆ ಮಾಡಿದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಮೂರು ವರ್ಷದಲ್ಲಿ ಮೊದಲ ಸಲ ನನ್ನ ಬೆನ್ನು ತಟ್ಟಿದರು. ಅಂದಿನಿಂದ ಸರ್ಕಾರದ ಕಾಗದಪತ್ರಗಳಲ್ಲಿ ನಾನು ನಾಗರಾಜು, ಎಡಗೈ ಮೇಲೆ ಕಲೆಯುಳ್ಳವನು.

ಈ ಕಲೆ ಈಗ ಯಾಕೆ ನೆನಪಾಯಿತು ಎಂದರೆ, ಹೋದ ವಾರ ನಮ್ಮ ಕಾರ್ಖಾನೆಯಲ್ಲಿ ಎಲ್ಲರಿಗೂ ಹೊಸದಾಗಿ ಆರೋಗ್ಯ ತಪಾಸಣೆ ಮಾಡಿಸಿದರು. ನಾನು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಸೂಪರ್‌ವೈಸರ್. ಪ್ರತಿ ಸೋಮವಾರ ಬೆಳಗಿನ ಪಾಳಿಯವರನ್ನು ಸಾಲಾಗಿ ನಿಲ್ಲಿಸಿ, ಬಿಸಿ ವಸ್ತುವಿನ ಬಳಿ ಕೈ ಒಡ್ಡಬಾರದು, ಎದುರಿಗಿರುವವರು ಏನು ಮಾಡುತ್ತಿದ್ದಾರೆಂದು ನೋಡದೆ ಕೈ ಚಾಚಬಾರದು ಎಂದು ಭಾಷಣ ಮಾಡುವವನು. ತಪಾಸಣೆಗೆ ಬಂದಿದ್ದ ನರ್ಸ್ ಹುಡುಗಿ ನನ್ನ ಕೈ ನೋಡಿ, “ಇದು ಯಾವ ಮೆಷಿನ್ನಲ್ಲಿ ಆಗಿದ್ದು ಸಾರ್?” ಎಂದು ಕೇಳಿದಳು. “ಮೆಷಿನ್ ಅಲ್ಲಮ್ಮ, ದೊಡ್ಡಮ್ಮ” ಎಂದೆ. ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ಮುಂದಿನ ಸೋಮವಾರದ ಭಾಷಣಕ್ಕೆ ಯಾವ ಬೆಲೆಯೂ ಉಳಿಯಲಿಲ್ಲ.

ದೊಡ್ಡಮ್ಮ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ಮುನಿಲಕ್ಷ್ಮಮ್ಮ. ಊರು ತೂಬಗೆರೆಯಿಂದ ಎರಡು ಮೈಲಿ. ಅಪ್ಪನಿಗೆ ರೇಷ್ಮೆ ಇಲಾಖೆಯಲ್ಲಿ ವರ್ಷಕ್ಕೊಂದು ಊರು ತೋರಿಸುವ ಕೆಲಸವಿದ್ದುದರಿಂದ ಮಿಡ್ಲ್‌ಸ್ಕೂಲು ಮುಗಿಯುವವರೆಗೂ ನಾನು ಬೆಳೆದದ್ದು ದೊಡ್ಡಮ್ಮನ ಮನೆಯಲ್ಲೇ. ಅವಳನ್ನು ನಾನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ತಪ್ಪು ತಿಳಿಯಬೇಡಿ. ನಮ್ಮಲ್ಲಿ ದೊಡ್ಡಮ್ಮನನ್ನು ‘ನೀವು’ ಎಂದರೆ ಇಬ್ಬರಿಗೂ ಜಗಳವಾಗಿದೆಯೆಂದು ಊರವರು ರಾಜಿಗೆ ಬರುತ್ತಾರೆ.

ದೊಡ್ಡಮ್ಮನ ಕೈಯಲ್ಲಿ ಉಣ್ಣದವರಿಗೆ ನಮ್ಮ ಕಡೆಯ ಬಡಿಸುವ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ನಮ್ಮಲ್ಲಿ ಉಣ್ಣುವವನು ಸಾಕು ಎಂದರೆ ಯಾರೂ ನಂಬುವುದಿಲ್ಲ. ಮೊದಲನೆಯ ಸಾಕು ನಾಚಿಕೆಯದು. ಎರಡನೆಯದು ಮರ್ಯಾದೆಯದು. ಮೂರನೆಯದನ್ನು ಬೇಕಾದರೆ ಪರಿಶೀಲಿಸಬಹುದು. ಉಣ್ಣುವವನಿಗೂ ಇದು ಗೊತ್ತಿರುವುದರಿಂದ ಹೊಟ್ಟೆಯಲ್ಲಿ ಇನ್ನೊಂದು ಮುದ್ದೆಗೆ ಜಾಗ ಇಟ್ಟುಕೊಂಡೇ ಮೊದಲ ಸಾಕು ಹೇಳುತ್ತಾನೆ. ನಿಜವಾಗಿ ಹೊಟ್ಟೆ ತುಂಬಿದವನ ಪಾಡು ಮಾತ್ರ ದೇವರಿಗೇ ಪ್ರೀತಿ. ಅವನು ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದು, ಮುಂದಕ್ಕೆ ಬಾಗಿ, ಕೋಳಿ ಮರಿಗಳನ್ನು ಮುಚ್ಚಿಕೊಂಡಂತೆ ಎಲೆಯನ್ನು ಮುಚ್ಚಿಕೊಳ್ಳಬೇಕು. ದೊಡ್ಡಮ್ಮ ಅಂಥವನ ಕಿವಿಯ ಪಕ್ಕದಿಂದಲೂ ಮುದ್ದೆ ಜಾರಿಸಿದ್ದಾಳೆ.

ಒಮ್ಮೆ ನಮ್ಮ ಹೊಲ ಅಳೆಯಲು ಸರ್ವೆಯವರು ಬಂದಿದ್ದರು. ಅವರೆಕಾಯಿಯ ಕಾಲ. ದೊಡ್ಡಮ್ಮ ಹಿತಕಿದಬೇಳೆ ಸಾರು ಮಾಡಿದ್ದಳು. ಆ ಮನುಷ್ಯ ಪೇಟೆಯವನು, ಪದ್ಧತಿ ತಿಳಿಯದು, ಕೈ ಅಡ್ಡ ಹಿಡಿಯದೆ ಬರೀ ಬಾಯಲ್ಲಿ ಸಾಕು ಸಾಕು ಎನ್ನುತ್ತಾ ನಾಲ್ಕು ಮುದ್ದೆ ಉಂಡ. ಆಮೇಲೆ ಹೊಂಗೆಮರದ ಕೆಳಗೆ ಅಳತೆಯ ಸರಪಳಿಯನ್ನೇ ತಲೆದಿಂಬು ಮಾಡಿಕೊಂಡು ಮಲಗಿದವನು ಎದ್ದಾಗ ಹೊತ್ತು ಇಳಿದಿತ್ತು. ಬಗ್ಗಲಾಗದೆ, ನಿಂತುಕೊಂಡೇ ಕಣ್ಣಳತೆಯಲ್ಲಿ ಗೆರೆ ಹೊಡೆದು ಹೋದ. ಆ ಬದು ಇವತ್ತಿಗೂ ನಡುವಿನಲ್ಲಿ ಸೊಟ್ಟಗಿದೆ. ಊರಲ್ಲಿ ಅದನ್ನು ಮುದ್ದೆ ಬದು ಎನ್ನುತ್ತಾರೆ.

ಇನ್ನು ನನ್ನ ಕಲೆಯ ವಿಷಯ. ಐದನೇ ಕ್ಲಾಸಿನಲ್ಲಿದ್ದೆ. ಸಾಕು ಎಂದೆ, ಎಡಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದೆ. ದೊಡ್ಡಮ್ಮ “ಕೈ ತೆಗ್ಯೋ” ಎಂದಳು. ತೆಗೆಯಲಿಲ್ಲ. ಒಲೆಯಿಂದ ಆಗತಾನೆ ಇಳಿಸಿದ ಹುರುಳಿಕಾಳಿನ ಸಾರು ನೇರವಾಗಿ ಕೈಮೇಲೆ ಬಿತ್ತು. ನಾನು ಕೂಗಿಕೊಂಡೆ, ದೊಡ್ಡಪ್ಪ ಓಡಿಬಂದ, ಲೋಳೆಸರ ಸವರಿದರು. ಅಳು ನಿಂತ ಮೇಲೆ ದೊಡ್ಡಮ್ಮ, “ಪಾಪ, ಮಗ ಅತ್ತೂ ಅತ್ತೂ ಹಸ್ದವ್ನೆ” ಎಂದು ಇನ್ನೊಂದು ಮುದ್ದೆ ಇಟ್ಟಳು.

ಇಂಥ ದೊಡ್ಡಮ್ಮ ಈ ವರ್ಷದ ಅವರೆಕಾಯಿ ಕಾಲದಲ್ಲಿ, ಒಂದು ಚೀಲ ಕಾಯಿ ಹೊತ್ತುಕೊಂಡು, ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಸ್ಸಿನಲ್ಲಿ ಬಂದಳು. ವಯಸ್ಸು ಎಪ್ಪತ್ತೈದೂ ಇರಬಹುದು, ಎಂಬತ್ತೂ ಇರಬಹುದು. ಆಧಾರ್ ಕಾರ್ಡಿನ ಪ್ರಕಾರ ಊರಿನ ಮುಕ್ಕಾಲು ಪಾಲು ಹಿರಿಯರ ಹಾಗೆ ಅವಳೂ ಜನವರಿ ಒಂದರಂದೇ ಹುಟ್ಟಿದವಳು. ಚೀಲ ಇಳಿಸಿ, ನೀರು ಕುಡಿದು, ಸೆರಗಲ್ಲಿ ಬಾಯಿ ಒರೆಸಿಕೊಂಡು ಹೇಳಿದಳು:

“ನಾಗ, ನಂಗೊಂದು ಪತ್ರ ಬರೆಸ್ಬೇಕು ಕಣ್ಲಾ.”

“ಏನು ಪತ್ರ ದೊಡ್ಡಮ್ಮ?”

“ನಾನು ಸಾಯೋ ಪತ್ರ.”

ಅಡುಗೆಮನೆಯಿಂದ ನನ್ನ ಹೆಂಡತಿ ಸವಿತ, “ಅಯ್ಯೋ, ಬಿಡ್ತು ಅನ್ನಿ ಅತ್ತೆ!” ಎಂದು ಕೂಗಿದಳು.

“ಬಿಡ್ತು ಬಿಡ್ತು. ಮೊರ ತಗೊಂಬಾ ಸವಿತ, ಕಾಯಿ ಸುಲಿಯಾನ.”

ಸುಲಿಯುತ್ತಲೇ ವಿಷಯ ಹೇಳಿದಳು. ಪಂಚಾಯ್ತಿ ಕಟ್ಟೆಯಲ್ಲಿ ಆರೋಗ್ಯ ಶಿಬಿರ ನಡೆದಿತ್ತು. ಉಳಿದವರೆಲ್ಲ ಬಿಪಿ ಮಾತ್ರೆ ಇಸಿದುಕೊಂಡು, ಬನ್ನು ತಿಂದು ಎದ್ದುಹೋದ ಮೇಲೆ ಡಾಕ್ಟರಮ್ಮ ಮಾತಾಡಿದ್ದನ್ನು ದೊಡ್ಡಮ್ಮ ಒಬ್ಬಳೇ ಕೂತು ಕೇಳಿದ್ದಳು. ಅದರ ಹೆಸರು ಮುಂಗಡ ವೈದ್ಯಕೀಯ ನಿರ್ದೇಶನವಂತೆ. ದೊಡ್ಡಮ್ಮ ಆ ಹೆಸರಿನ ಗೋಜಿಗೆ ಹೋಗದೆ, ಹುರುಳನ್ನು ಮಾತ್ರ ತಂದಿದ್ದಳು.

“ನಂಗೆ ಬಾಯಿ ಬಿದ್ದೋಗಿ, ಬುದ್ಧಿ ಹೋಗಿ, ಇನ್ನಿವ್ಳು ಏಳಕ್ಕಿಲ್ಲ ಅಂತ ಡಾಕ್ಟ್ರುಗಳೇ ಸೇರಿ ನೋಡಿ ಹೇಳಿದ್ಮೇಲೆ, ಆ ಮಿಷನ್ನು ಈ ನಳಿಗೆ ಅಂತ ಎಳ್ದಾಡ್ಬಾರ್ದು. ಹಂಗಂತ ಬುದ್ಧಿ ನೆಟ್ಟಗಿರೋವಾಗ್ಲೇ ಬರ್ದಿಡ್ಬೋದಂತೆ. ಆಗ ನನ್ನ ಬದ್ಲು ಮಾತಾಡೋರ ಹೆಸ್ರೂ ಬರೀಬೇಕಂತೆ. ಇಬ್ರು ಸಾಕ್ಷಿ, ನೋಟ್ರಿ ಮೊಹರು, ಅಷ್ಟೇಯ.”

ನಾನು ಅವರೆಕಾಯಿಯ ಮೇಲೆ ಬಹಳ ಗಮನವಿಟ್ಟೆ. ಯಾಕೆಂದರೆ ಅವಳು ಯಾರನ್ನು ನೆನೆದು ಹೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು.

ಎರಡು ವರ್ಷದ ಹಿಂದೆ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ನಾಲ್ಕನೇ ದಿನಕ್ಕೇ ಅಲ್ಲಿನ ಡಾಕ್ಟರು ನಮ್ಮನ್ನು ಕೂರಿಸಿ, ಮೆದುಳು ಪೂರ್ತಿ ಹೋಗಿದೆ, ಯಂತ್ರದಿಂದ ಉಸಿರಾಡುತ್ತಿದ್ದಾರೆ, ಇನ್ನು ಎದ್ದು ಬರುವುದಿಲ್ಲ, ಮುಂದೇನು ಮಾಡೋಣ ನೀವು ಹೇಳಿ ಎಂದು ತಿಳಿಸಿ ಹೇಳಿದರು. ದೊಡ್ಡಪ್ಪನ ಮಗ ಮಂಜ ತನ್ನ ತಂಗಿ ರತ್ನಳ ಮುಖ ನೋಡಿದ. ರತ್ನ ನನ್ನ ಮುಖ ನೋಡಿದಳು. ಬಿ.ಎಸ್ಸಿ. ಓದಿದವನು ನಾನೊಬ್ಬನೇ. “ಅಣ್ಣ, ನೀನೇ ಹೇಳು” ಎಂದರು. ನಾನು ಗಂಟಲು ಸರಿಮಾಡಿಕೊಂಡು, ಬಹಳ ತಿಳಿದವನಂತೆ, “ಇನ್ನೆರಡು ದಿನ ನೋಡೋಣ” ಎಂದೆ. ಎರಡು ದಿನ ಬಿಟ್ಟು ಮತ್ತೆ ಕೇಳಿದರು. ಇನ್ನೆರಡು ದಿನ ನೋಡೋಣ ಎಂದೆ. ನಮ್ಮ ಕಾರ್ಖಾನೆಯ ಗೋಡೆಯ ಮೇಲೆ ‘ತುರ್ತು ಸಂದರ್ಭದಲ್ಲಿ ನಿರ್ಧಾರ ಕೈಗೊಳ್ಳುವವರು’ ಎಂಬ ಹಲಗೆಯಿದೆ, ಅದರಲ್ಲಿ ಮೊದಲ ಹೆಸರು ನನ್ನದೇ. ಆ ಹಲಗೆಯ ಮನುಷ್ಯ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಕಾಫಿಯ ಮೇಲೆ ಕಾಫಿ ಕುಡಿದ.

ಹೀಗೆ ಎರಡೆರಡು ದಿನ ಸೇರಿ ಹತ್ತೊಂಬತ್ತು ದಿನವಾಯಿತು. ಅಂಗಿಯ ಕಾಲರು ತಾಗಿದರೂ ಸಹಿಸದೆ ಜೀವನವಿಡೀ ಬನಿಯನ್ನಿನಲ್ಲೇ ಕಳೆದ ದೊಡ್ಡಪ್ಪ, ಮೈತುಂಬ ನಳಿಗೆ ಚುಚ್ಚಿಸಿಕೊಂಡು ಮಲಗಿದ್ದು, ಹಾಗೆಯೇ ಹೋದ. ನಾನು ಅವತ್ತು ಮಾಡಿದ್ದು ಪ್ರೀತಿಯಿಂದಲ್ಲ, ಹೆದರಿಕೆಯಿಂದ. ನಾಳೆ ಯಾರಾದರೂ ‘ನಾಗರಾಜ ಸಾಕು ಅಂದ, ಅದಕ್ಕೇ ಹೋದ’ ಎಂದಾರೆಂಬ ಹೆದರಿಕೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಸವಿತಳಿಗೂ.

“ನಾನು ಜಲ್ಮದಾಗೆ ಯಾರ ಸಾಕನ್ನೂ ಕೇಳ್ದೋಳಲ್ಲ ಕಣ್ಲಾ” ಎಂದಳು ದೊಡ್ಡಮ್ಮ, ಸಿಪ್ಪೆ ಅತ್ತ ಎಸೆಯುತ್ತಾ. “ಬಡಿಸ್ತಾನೇ ಹೋದೆ. ನೀವೆಲ್ಲ ನನ್ನ ಕೈಲಿ ಬೆಳೆದೋರು, ನಿಮಗೂ ಅದೇ ಬುದ್ಧಿ. ನಾಳೆ ನನ್ನ ಸಾಕು ಯಾರು ಕೇಳ್ತೀರಿ? ನಮ್ಮೋರು ಬಾಯ್ಮಾತಿಗೆ ಬಗ್ಗಲ್ಲ. ಛಾಪಾ ಕಾಗದ ಆದ್ರೆ ಬಗ್ತಾರೆ.”

“ನೋಡೋಣ ದೊಡ್ಡಮ್ಮ, ಶಿವರಾತ್ರಿ ಕಳೀಲಿ” ಎಂದೆ.

ಶಿವರಾತ್ರಿ ಕಳೆಯಿತು. ಯುಗಾದಿ ಹತ್ತಿರ ಬಂತು, ಹೊಸ ವರ್ಷದ ಹೊಸಿಲಲ್ಲಿ ಇಂಥದ್ದೆಲ್ಲ ಬೇಡ ಎಂದೆ. ಯುಗಾದಿಯೂ ಕಳೆಯಿತು, ಕಾರ್ಖಾನೆಯಲ್ಲಿ ಆಡಿಟ್ ಎಂದೆ. ಆಡಿಟ್ ಎಂಬುದು ದೊಡ್ಡಮ್ಮನಿಗೆ ಗೊತ್ತಿಲ್ಲದ ಹಬ್ಬವಾದ್ದರಿಂದ ಎರಡು ತಿಂಗಳು ನಡೆಯಿತು. ಅಷ್ಟು ಹೊತ್ತಿಗೆ ಅವಳಿಗೆ ನನ್ನ ‘ಇನ್ನೆರಡು ದಿನ’ ಅರ್ಥವಾಗಿಹೋಗಿತ್ತು. ಒಂದು ದಿನ ಬಸ್ಸು ಹತ್ತಿ, ಯಾರಿಗೂ ಹೇಳದೆ, ನೇರವಾಗಿ ತಾಲ್ಲೂಕು ಆಫೀಸಿನ ಎದುರಿಗೆ ಕೂರುವ ಪತ್ರ ಬರೆಯುವ ಹನುಮಂತರಾಯಪ್ಪನ ಮೇಜಿನ ಮುಂದೆ ಹೋಗಿ ಕೂತಳು.

ಹನುಮಂತರಾಯಪ್ಪನವರು ನಲವತ್ತು ವರ್ಷದಿಂದ ಕ್ರಯಪತ್ರ, ವಿಭಾಗಪತ್ರ, ಹಕ್ಕು ಖುಲಾಸೆ ಪತ್ರಗಳನ್ನು ಬರೆಯುತ್ತಿರುವವರು. ದೇವನಹಳ್ಳಿಗೆ ವಿಮಾನ ಬಂದ ಮೇಲಂತೂ ಅವರಿಗೆ ಊಟಕ್ಕೂ ಬಿಡುವಿರಲಿಲ್ಲ. ಜಮೀನಲ್ಲದ ಪತ್ರವನ್ನು ಅವರು ಬರೆದದ್ದು ತಮ್ಮ ಮದುವೆಯ ಕರೆಯೋಲೆ ಒಂದೇ, ಅದರಲ್ಲೂ ವಧುವನ್ನು ಒಂದನೇ ಪಾರ್ಟಿ ಎಂದು ಬರೆದಿದ್ದರಂತೆ. ದೊಡ್ಡಮ್ಮ ಹೇಳಿದ್ದನ್ನೆಲ್ಲ ಶ್ರದ್ಧೆಯಿಂದ ಕೇಳಿ, ಅವರು ಕೇಳಿದ ಮೊದಲ ಪ್ರಶ್ನೆ: “ಶರೀರ ಸ್ವಯಾರ್ಜಿತಾನಾ ಪಿತ್ರಾರ್ಜಿತಾನಾ ಅಮ್ಮಾ?”

“ಹಂಗಂದ್ರೆ?”

“ನೀವೇ ಸಂಪಾದ್ಸಿದ್ದೋ, ತಂದೆ ತಾಯಿ ಕಡೆಯಿಂದ ಬಂದಿದ್ದೋ?”

“ಅವ್ರೇ ಕೊಟ್ಟಿದ್ದು.”

“ಹಂಗಾದ್ರೆ ಪಿತ್ರಾರ್ಜಿತ. ಅಣ್ಣ ತಮ್ಮಂದಿರು ಯಾರಾದ್ರೂ ಇದ್ರೆ ಅವ್ರ ಒಪ್ಪಿಗೆ ಹಾಕ್ಸಿದ್ರೆ ಒಳ್ಳೇದು.”

ಇವರಿಬ್ಬರೂ ಹೀಗೆ ಮಾತಾಡುತ್ತಿರುವುದನ್ನು ಊರಿನವರೊಬ್ಬರು ಬಸ್ ಸ್ಟ್ಯಾಂಡಿಗೆ ಹೋಗುತ್ತಾ ಕಂಡರು. ನಮ್ಮ ಕಡೆ ಮುದುಕಿಯೊಬ್ಬಳು ಪತ್ರ ಬರೆಯುವವರ ಮುಂದೆ ಕೂತಿದ್ದಾಳೆಂದರೆ ಅದಕ್ಕೆ ಎರಡನೇ ಅರ್ಥವಿಲ್ಲ. ದೊಡ್ಡಮ್ಮ ಕರಡು ಪತ್ರವನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಮನೆ ಸೇರುವಷ್ಟರಲ್ಲಿ ಸುದ್ದಿ ರತ್ನ ಇರುವ ಹೊಸಕೋಟೆ ಮುಟ್ಟಿತ್ತು.

ಮೊದಲು ಬಂದವನು ಮಂಜ. ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುತ್ತಾನೆ. ತನ್ನ ಮದುವೆಯ ದಿನವೂ ಬಾಡಿಗೆಯ ಸರತಿ ಬಿಡಲು ಹಿಂದೆಮುಂದೆ ನೋಡಿದವನು, ಅವತ್ತು ಸರತಿ ಬಿಟ್ಟು ಬಂದಿದ್ದ. ಅವನ ಹಿಂದೆಯೇ ಹೊಸಕೋಟೆ ಕಡೆಯಿಂದ ರತ್ನ, ಒಂದು ಕೈಚೀಲ ಸೇಬಿನೊಂದಿಗೆ. ಅಣ್ಣ ತಂಗಿ ಒಬ್ಬರನ್ನೊಬ್ಬರು ಕಂಡು, “ಸುಮ್ನೆ ಅಮ್ಮನ್ನ ನೋಡೋಣ ಅಂತ ಬಂದೆ” ಎಂದು ಒಟ್ಟಿಗೇ ಹೇಳಿದರು.

ದೊಡ್ಡಮ್ಮನಿಗೆ ಎಲ್ಲ ಅರ್ಥವಾಯಿತು. ಆದರೆ ಬಾಯಿ ಬಿಡಲಿಲ್ಲ. ಎರಡು ದಿನ ನಮ್ಮ ಮನೆಯಲ್ಲಿ ದಿವಾನದ ಮೇಲೆ ಕೂತು, ಮಗಳು ಹೆಚ್ಚಿಕೊಟ್ಟ ಸೇಬು ತಿನ್ನುತ್ತಾ, ಮಗನಿಂದ ಕಾಲು ಒತ್ತಿಸಿಕೊಂಡಳು. ಮಂಜ ಅವಳನ್ನು ಕ್ಯಾಬಿನಲ್ಲಿ ಕೂರಿಸಿಕೊಂಡು ಹೋಗಿ, ವಿಮಾನ ಇಳಿಯುವುದನ್ನು ತೋರಿಸಿಕೊಂಡು ಬಂದ. ಎಷ್ಟೋ ವರ್ಷದಿಂದ ಮನೆಯ ಮೇಲೆ ವಿಮಾನ ಹಾರುತ್ತಿದ್ದರೂ ಅವಳನ್ನು ಯಾರೂ ಅಲ್ಲಿಗೆ ಕರೆದೊಯ್ದಿರಲಿಲ್ಲ.

ಮೂರನೇ ದಿನ ತಿಂಡಿ ತಿನ್ನುವಾಗ ರತ್ನ ತಡೆಯಲಾರದೆ ಹೇಳಿದಳು: “ಅಮ್ಮಾ, ಏನೇ ಬರೆಸು. ಆದ್ರೆ ಈಗ ಕಾನೂನು ಹಂಗಿಲ್ಲ. ಹೆಣ್ಮಕ್ಕಳ ಸಹಿ ಇಲ್ದೆ ಯಾವ ಪತ್ರಾನೂ ಆಗಲ್ಲ.”

“ನನ್ನ ಸಹಿ ಅಂತೂ ಬೇಕೇ ಬೇಕು” ಎಂದ ಮಂಜ. “ಮುದ್ದೆ ಬದು ಪಕ್ಕದ್ದಾ ಅಮ್ಮಾ? ರೋಡ್ ಸೈಡಿಂದಾ?”

“ಇಬ್ರೂ ಸಹಿ ಹಾಕ್ತೀರಾ?” ಎಂದಳು ದೊಡ್ಡಮ್ಮ.

“ಹಾಕ್ತೀವಿ!”

“ನಾಗ, ಓದ್ಲಾ.”

ನಾನು ಹನುಮಂತರಾಯಪ್ಪನವರ ಕರಡನ್ನು ಬಿಡಿಸಿ ಓದಿದೆ. “ಮುನಿಲಕ್ಷ್ಮಮ್ಮ ಆದ ನಾನು ಸ್ವಸಂತೋಷದಿಂದಲೂ, ಯಾರ ಒತ್ತಾಯ, ಪ್ರೇರೇಪಣೆಗಳಿಲ್ಲದೆಯೂ ಬರೆಸಿಟ್ಟ ಪತ್ರದ ಕ್ರಮವೇನೆಂದರೆ: ಈ ಕೆಳಕಂಡ ಷೆಡ್ಯೂಲು ಶರೀರವು ನನಗೆ ಪಿತ್ರಾರ್ಜಿತವಾಗಿ ಬಂದಿದ್ದು, ಅಂದಿನಿಂದ ಇಂದಿನವರೆಗೂ ನನ್ನ ಸ್ವಾಧೀನಾನುಭವದಲ್ಲಿದ್ದು, ಸದರಿ ಶರೀರವು ಮುಂದೆ ವಾಸಿಯಾಗದ ಸ್ಥಿತಿಗೆ ಬಂದಲ್ಲಿ, ಅದಕ್ಕೆ ಯಾವುದೇ ಉಸಿರಾಟದ ಯಂತ್ರವನ್ನಾಗಲಿ, ನಳಿಗೆಯನ್ನಾಗಲಿ ಅಳವಡಿಸಿ ಅತಿಕ್ರಮ ಪ್ರವೇಶ ಮಾಡಕೂಡದು. ಚಕ್ಕುಬಂದಿ: ಪೂರ್ವಕ್ಕೆ ತಲೆ, ಪಶ್ಚಿಮಕ್ಕೆ ಪಾದ, ಉತ್ತರಕ್ಕೆ ಬಲಗೈ, ದಕ್ಷಿಣಕ್ಕೆ ಎಡಗೈ...”

ಮುಂದೆ ಓದಲಾಗಲಿಲ್ಲ. ಸವಿತ ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ಮಂಜ ಮಾತ್ರ ನಗಲಿಲ್ಲ. ಅವನು ಇನ್ನೂ ಚಕ್ಕುಬಂದಿಯ ನಾಲ್ಕು ಎಲ್ಲೆಗಳಲ್ಲೇ ಇದ್ದ.

“ಅಂದ್ರೆ... ಜಮೀನಲ್ವಾ?”

“ನಾನು ಕಣ್ಲಾ. ನಿಮ್ಮಮ್ಮ.”

ಆಗ ನಡೆದದ್ದನ್ನು ನೆನೆದರೆ ಇವತ್ತಿಗೂ ನನಗೆ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ. ಐದು ನಿಮಿಷದ ಹಿಂದೆ ಸಹಿ ಹಾಕಲು ಪೆನ್ನು ಹುಡುಕುತ್ತಿದ್ದ ಕೈಗಳೆಲ್ಲ ಹಿಂದಕ್ಕೆ ಹೋದವು. ರತ್ನ, “ಕೊಟ್ಟ ಹೆಣ್ಣು ನಾನು, ತವರಿನ ವಿಷ್ಯದಾಗೆ ತಲೆ ಹಾಕ್ಬಾರ್ದು, ಅಣ್ಣ ಇದ್ದಾನೆ” ಎಂದಳು. ಮಂಜ, “ಇಲ್ಲಿಲ್ಲ, ಕಾನೂನು ಈಗ ಹಂಗಿಲ್ಲ, ಹೆಣ್ಮಕ್ಳಿಗೂ ಸಮ ಪಾಲು” ಎಂದ. ಇಬ್ಬರೂ ತಿರುಗಿ ನನ್ನ ಮುಖ ನೋಡಿದರು. ಆ ನೋಟ ನನಗೆ ಪರಿಚಯದ್ದೇ. ನಾನು ಗಂಟಲು ಸರಿಮಾಡಿಕೊಂಡೆ. ಇನ್ನೆರಡು ದಿನ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

“ಯಾರೂ ಕಚ್ಚಾಡ್ಬೇಡಿ” ಎಂದಳು ದೊಡ್ಡಮ್ಮ. “ಮಂಜ ಬ್ಯಾಡ. ಅವ್ನು ಮೆತ್ತಗೆ, ಅತ್ತುಬಿಡ್ತಾನೆ. ಮಗ ಆಗಿ ಅಳೋದು ಅವ್ನ ಕೆಲ್ಸ, ಅವ್ನು ಅಳ್ಲಿ. ರತ್ನನ ಹೆಸ್ರು ಇರ್ಲಿ, ಅವ್ಳು ಗಟ್ಟಿಗಿತ್ತಿ. ಮೊದಲ್ನೇ ಹೆಸ್ರು ನಾಗಂದು.”

ನಾನು ಆಗ ಹೇಳಿಯೇ ಹೇಳಿದೆ. “ದೊಡ್ಡಮ್ಮ, ನಂಗೆ ಧೈರ್ಯ ಇಲ್ಲ. ದೊಡ್ಡಪ್ಪನ ಹೊತ್ತಲ್ಲೂ ಇರ್ಲಿಲ್ಲ. ಅವತ್ತು ನಾನು ಒಂದು ಮಾತು ಹೇಳಿದ್ದಿದ್ರೆ ಆಗೋಗ್ತಿತ್ತು. ಹೆದರ್ಕೊಂಡು ಹತ್ತೊಂಬತ್ತು ದಿನ ಎಳೆದೆ.”

ಅವಳು ನನ್ನ ಎಡಗೈಯನ್ನು ಎಳೆದುಕೊಂಡು, ಕಲೆಯ ಮೇಲೆ ಹೆಬ್ಬೆರಳು ಆಡಿಸಿದಳು.

“ಗೊತ್ತು ಕಣ್ಲಾ. ಅವಾಗ ನಾನೂ ಬಾಯ್ಬಿಡ್ಲಿಲ್ಲ, ನಂಗೂ ಹೆದ್ರಿಕೆ. ಆದ್ರೆ ಇದು ನೋಡು. ಕುದಿಯೋ ಸಾರು ಬೀಳ್ತಾ ಐತೆ ಅಂತ ಗೊತ್ತಿದ್ರೂ ಎಲೆ ಮೇಲಿಂದ ಕೈ ತೆಗೀಲಿಲ್ಲ ನೀನು. ಇಷ್ಟುದ್ದ ಹುಡ್ಗ. ಸಾಕು ಅಂದ್ರೆ ಸಾಕು ಅಂತ ಹಿಡ್ದಿದ್ದು ಈ ಮನೇಲಿ ನೀನೊಬ್ನೇ. ಅದಕ್ಕೇ ನಿನ್ನ ಹೆಸ್ರು.”

ಇಲ್ಲಿ ನಿಮಗೆ ಒಂದು ಸತ್ಯ ಹೇಳಬೇಕು. ಅವತ್ತು ನಾನು ಕೈ ತೆಗೆಯದಿದ್ದುದಕ್ಕೆ ಕಾರಣ ಹಟವೂ ಅಲ್ಲ, ಧೈರ್ಯವೂ ಅಲ್ಲ. ನಡುಮನೆಯ ಬಾಗಿಲಲ್ಲಿ ಬೆಕ್ಕೊಂದು ಓತಿಕ್ಯಾತ ಹಿಡಿದು ನಿಂತಿತ್ತು, ನಾನು ಅದನ್ನೇ ನೋಡುತ್ತಿದ್ದೆ. ಸೌಟು ಬಂದದ್ದೇ ನನಗೆ ಕಾಣಲಿಲ್ಲ. ಎದುರಿಗಿರುವವರು ಏನು ಮಾಡುತ್ತಿದ್ದಾರೆಂದು ನೋಡದೆ ಕೈ ಚಾಚಬಾರದು ಎಂದು ಸೋಮವಾರ ಸೋಮವಾರ ನಾನು ಹೇಳುವುದು ಅನುಭವದ ಮಾತು. ಇದನ್ನು ದೊಡ್ಡಮ್ಮನಿಗೆ ಹೇಳಬೇಕೆಂದು ಬಾಯಿ ತೆರೆದೆ. ಅವಳು ನನ್ನ ಕೈ ಬಿಟ್ಟಿರಲಿಲ್ಲ. ಬಾಯಿ ಮುಚ್ಚಿಕೊಂಡು, “ಆಯ್ತು ದೊಡ್ಡಮ್ಮ, ಹಾಕ್ತೀನಿ” ಎಂದೆ.

ಆಮೇಲೆ ನಾನು, ರತ್ನ, ದೊಡ್ಡಮ್ಮ ಮೂವರೂ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಅಚ್ಚಾದ ನಮೂನೆ ಕೊಟ್ಟು ನಿಧಾನವಾಗಿ ವಿವರಿಸಿದರು. ಹನುಮಂತರಾಯಪ್ಪನವರ ಕರಡನ್ನೂ ಓದಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ದೊಡ್ಡಮ್ಮ ಬೀಜ ಕೊಳ್ಳುವಾಗ ಕೇಳುವಂತೆ ಒಂದೊಂದೇ ಪ್ರಶ್ನೆ ಕೇಳಿದಳು.

“ನಾಳೆ ನಂಗೆ ಜ್ವರ ಬಂದ್ರೆ ಔಷ್ದಿ ಕೊಡ್ತೀರೇನಮ್ಮಾ, ಇಲ್ಲ ಪತ್ರ ಐತೆ ಹೋಗು ಅಂತೀರಾ?”

“ಕೊಡ್ತೀವಮ್ಮ. ವಾಸಿ ಆಗೋದಕ್ಕೆಲ್ಲ ಔಷಧಿ ಕೊಟ್ಟೇ ಕೊಡ್ತೀವಿ. ನಿಮಗೆ ಮಾತಾಡೋಕೆ ಆಗೋವರೆಗೂ ನಿಮ್ಮನ್ನೇ ಕೇಳ್ತೀವಿ, ಪತ್ರ ತೆಗೆಯೋದೇ ಇಲ್ಲ.”

“ಕಣ್ಣಿಗೆ ಪೊರೆ ಬಂದದೆ. ಆಪ್ರೇಷನ್ನಿಗೆ ಅಡ್ಡಿ ಇಲ್ವಾ?”

“ಇಲ್ಲ.”

“ಸೂಜಿ ಚುಚ್ಚಿ ಸಾಯ್ಸಿಬಿಡ್ತಾರೆ ಅಂತಾರಲ್ಲ ಊರಾಗೆ?”

“ಅದು ಸುಳ್ಳು. ಹಂಗೆ ಮಾಡೋಕೆ ಕಾನೂನೇ ಇಲ್ಲ. ಇನ್ನು ಉಪಯೋಗ ಇಲ್ಲ ಅಂತ ಆಸ್ಪತ್ರೆಯ ಡಾಕ್ಟರುಗಳು ಒಂದು ಸಲ, ಬೇರೆ ಡಾಕ್ಟರುಗಳು ಇನ್ನೊಂದು ಸಲ ನೋಡಿ ಒಪ್ಪಿದ ಮೇಲೆ ಯಂತ್ರ ನಿಲ್ಲಿಸೋದು, ಅಷ್ಟೇ. ನೋವು ಆಗದ ಹಾಗೆ ಕಡೆವರೆಗೂ ನೋಡ್ಕೋತಾರೆ.”

“ಬರೆಸಿದ್ಮೇಲೆ ಮನಸ್ಸು ಬದ್ಲಾದ್ರೆ?”

“ಯಾವಾಗ ಬೇಕಾದ್ರೂ ಬದಲಾಯಿಸಿ ಬರೆಸಿ, ಇಲ್ಲ ರದ್ದು ಮಾಡಿ. ನಿಮ್ಮ ಪತ್ರ, ನಿಮ್ಮಿಷ್ಟ.”

ದೊಡ್ಡಮ್ಮ ನನ್ನ ಕಡೆ ತಿರುಗಿ, “ಜಮೀನ್ಗಿಂತ ವಾಸಿ” ಎಂದಳು.

ಆ ನಮೂನೆಯಂತೆ ಪತ್ರವನ್ನು ಮತ್ತೆ ಬರೆಸಿ ಚಕ್ಕುಬಂದಿಯನ್ನು ತೆಗೆಸಿದ್ದಕ್ಕೆ ಹನುಮಂತರಾಯಪ್ಪನವರಿಗೆ ಬಹಳ ಬೇಸರವಾಯಿತು. ಚಕ್ಕುಬಂದಿ ಇಲ್ಲದ ಪತ್ರ ನಾಳೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ವಾದಿಸಿದರು. “ಅಲ್ಲಾ ಸ್ವಾಮಿ, ಪೂರ್ವಕ್ಕೆ ತಲೆ ಅಂತ ಬರ್ದಿದ್ದೀರಿ. ಮಗ್ಗುಲು ಬದಲಾಯಿಸಿದ್ರೆ?” ಎಂದೆ. “ತಿದ್ದುಪಡಿ ಪತ್ರ ಮಾಡ್ಸೋಣ” ಎಂದರು. ಆದರೂ ದೊಡ್ಡ ಮನಸ್ಸು ಮಾಡಿ ಒಂದನೇ ಸಾಕ್ಷಿಯಾಗಿ ಅವರೇ ಸಹಿ ಹಾಕಿದರು. ಪಕ್ಕದ ಟೀ ಅಂಗಡಿಯವರು ಎರಡನೇ ಸಾಕ್ಷಿ. ನೋಟರಿಯವರ ಮುಂದೆ ದೊಡ್ಡಮ್ಮ ಹೆಬ್ಬೆಟ್ಟು ಒತ್ತಿ, ಬೆರಳಿನ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಒಂದು ಪ್ರತಿ ಪಂಚಾಯ್ತಿಗೆ, ಒಂದು ಡಾಕ್ಟರಮ್ಮನಿಗೆ, ಒಂದು ರತ್ನಳಿಗೆ, ಒಂದು ನನಗೆ. ನನ್ನದನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆಯಲ್ಲೇ ಇಟ್ಟಿದ್ದೇನೆ.

ಅವತ್ತೇ ಮಧ್ಯಾಹ್ನ ಮಂಜನ ಕ್ಯಾಬಿನಲ್ಲಿ ಎಲ್ಲರೂ ಊರಿಗೆ ಹೋದೆವು. ದೊಡ್ಡಮ್ಮ ಮೂರು ದಿನದಿಂದ ಸೌಟು ಮುಟ್ಟದೆ ಕೈ ಕಡಿಯುತ್ತಿದೆ ಎನ್ನುತ್ತಾ ಒಲೆ ಹಚ್ಚಿದಳು. ಹುರುಳಿಕಾಳಿನ ಸಾರು, ರಾಗಿಮುದ್ದೆ. ಬೆಳಗಿನಿಂದ ಓಡಾಡಿ ನನಗೆ ಹಸಿವಾಗಿತ್ತು. ಎಲೆಯ ಮುಂದೆ ಕೂತು ಒಂದು ಮುದ್ದೆ ಮುಗಿಸಿದೆ. ದೊಡ್ಡಮ್ಮ ಎರಡನೆಯದನ್ನು ಅಂಗೈಯಲ್ಲಿ ಹೊರಳಿಸುತ್ತಾ ಬಂದಳು.

“ಸಾಕು ದೊಡ್ಡಮ್ಮ” ಎಂದೆ. ಎಡಗೈ ತಾನಾಗಿಯೇ ಎಲೆಯ ಮೇಲೆ ಅಡ್ಡ ಹೋಯಿತು.

ದೊಡ್ಡಮ್ಮ ನಿಂತಳು. ನನ್ನ ಕೈ ನೋಡಿದಳು. ಮುದ್ದೆಯನ್ನು ತೆಗೆದುಕೊಂಡು ಹೋಗಿ ತಿರುಗಿ ಪಾತ್ರೆಗೆ ಹಾಕಿ, ತಟ್ಟೆ ಮುಚ್ಚಿ, ಕೈ ತೊಳೆದುಕೊಂಡಳು.

ಮಂಜ ತುತ್ತು ಕೈಯಲ್ಲೇ ಹಿಡಿದು ತಾಯಿಯನ್ನೇ ನೋಡುತ್ತಿದ್ದ. ನನ್ನ ಐವತ್ತೆರಡು ವರ್ಷದಲ್ಲಿ ಆ ಮನೆಯಲ್ಲಿ ಮೊದಲನೇ ಸಾಕಿಗೆ ಬಡಿಸುವುದು ನಿಂತದ್ದು ಅದೇ ಮೊದಲು. ಅರ್ಧ ಹೊಟ್ಟೆಯಲ್ಲಿ ಖಾಲಿ ಎಲೆಯ ಮುಂದೆ ಕೂತು ನನಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಕೇಳಿದೆ.

“ದೊಡ್ಡಮ್ಮ, ಇನ್ನೊಂದು ಮುದ್ದೆ ಇಕ್ಕು.”

“ಯಾಕ್ಲಾ? ಸಾಕು ಅಂದ್ಯಲ್ಲ?”

“ಅದು ಸುಮ್ನೆ ಅಂದಿದ್ದು.”

ಅವಳು ಪಾತ್ರೆಯ ತಟ್ಟೆ ತೆಗೆದು, ಮುದ್ದೆಯನ್ನು ನನ್ನ ಎಲೆಗೆ ತಂದಳು.

“ಬೇಕು ಅಂದ್ರೆ ಇಕ್ತೀನಿ. ಆದ್ರೆ ಪತ್ರದಾಗೆ ನಾನು ಸುಮ್ನೆ ಅಂದಿಲ್ಲ ಕಣಪ್ಪಾ ನಾಗ” ಎಂದಳು.

ನಾನು ಎಲೆಯ ಮೇಲಿಂದ ಕೈ ತೆಗೆದೆ.